ಮಾಹಿಷ್ಮತಿಯ ಬಾಹುಬಲಿಯೂ ಪೌದನಪುರದ ಬಾಹುಬಲಿಯೂ

ಬೇಸಿಗೆಯ ರಜೆಯೋ ದಸರೆಯ ರಜೆಯೋ ಬಂದೊಡನೆ ಉತ್ತರ ಕರ್ನಾಟಕದ ಊರುಗಳಿಂದ ಹೈದರಾಬಾದಿನ ಕಡೆಗೆ ಹೊರಡುವ ವಾಹನಗಳಲ್ಲಿ ಜೈನ ಕುಟುಂಬಗಳೂ ಇರುತ್ತವೆ. ಅಜ್ಜ, ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು, ಜೊತೆಗೆ ಬುತ್ತಿಯ ಡಬ್ಬಿಗಳು. ಅವರು ತಲಪಬೇಕಾದ ಸ್ಥಳ ರಾಮೋಜಿ ಫಿಲ್ಮ್ ಸಿಟಿ. 1996ರಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಆರಂಭವಾದ ಈ ಚಿತ್ರನಗರಿಯ ವಿಸ್ತಾರ ಸುಮಾರು 1,666 ಎಕರೆ. ಜಗತ್ತಿನ ಅತಿ ದೊಡ್ಡ ಚಲನಚಿತ್ರ ನಿರ್ಮಾಣ ಸಂಕೀರ್ಣವೆಂದು ಗಿನ್ನೆಸ್ ದಾಖಲೆಯಲ್ಲಿ ಸೇರಿದ ಸ್ಥಳವದು. ಇದನ್ನು ಕಟ್ಟಿದ ರಾಮೋಜಿ ರಾವ್ ಅವರು 2024ರಲ್ಲಿ ನಿಧನರಾದರು. ಸಂಸ್ಥೆ ಮಾತ್ರ ದಿನನಿತ್ಯ ಸಾವಿರಾರು ಪ್ರೇಕ್ಷಕರನ್ನು ಬರಮಾಡಿಕೊಳ್ಳುತ್ತಲೇ ಇದೆ.

ಸಂಸ್ಥೆಯನ್ನು ದೂಷಿಸಲು ಇಲ್ಲಿ ಕಾರಣವಿಲ್ಲ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಅದು ಪ್ರಾಮಾಣಿಕವಾದ ವ್ಯಾಪಾರವೇ. ತಾನು ಮಾರುವುದು ಭ್ರಮೆ ಎಂದು ಬಾಗಿಲಿನಲ್ಲಿಯೇ ಹೇಳಿ ಮಾರುತ್ತದೆ. ಒಂದೇ ಕಟ್ಟಡದ ಒಂದು ಮುಖ ಒಂದಾಗಿ, ಇನ್ನೊಂದು ಮುಖ ಬೇರೊಂದಾಗಿ ತೋರುವುದನ್ನು ಮಾರ್ಗದರ್ಶಕನು ಬಸ್ಸಿನಲ್ಲಿ ನಿಂತು ವಿವರಿಸುತ್ತಾನೆ. ರೈಲು ಬಾರದ ರೈಲುನಿಲ್ದಾಣ, ವಿಮಾನ ಇಳಿಯದ ವಿಮಾನನಿಲ್ದಾಣ ಎಲ್ಲವೂ ಅಲ್ಲಿ ಉಂಟು. ಇದರಲ್ಲಿ ಮೋಸವಿಲ್ಲ. ವಿಚಾರ ಮಾಡಬೇಕಾದುದು ಕೊಳ್ಳುವವರ ವಿಷಯ.

ಎಸ್. ಎಸ್. ರಾಜಮೌಳಿಯವರು ನಿರ್ದೇಶಿಸಿದ ‘ಬಾಹುಬಲಿ’ ಚಿತ್ರದ ಎರಡು ಭಾಗಗಳು 2015 ಮತ್ತು 2017ರಲ್ಲಿ ತೆರೆಕಂಡವು. ಅದಕ್ಕಾಗಿ ಈ ನಗರಿಯಲ್ಲಿ ನಿರ್ಮಿಸಿದ ಮಾಹಿಷ್ಮತಿ ರಾಜ್ಯದ ಅರಮನೆಯ ದೃಶ್ಯಸಜ್ಜು ಇಂದು ಪ್ರವಾಸಿಗರ ಮುಖ್ಯ ಆಕರ್ಷಣೆಗಳಲ್ಲಿ ಒಂದು. ಎಲ್ಲರೂ ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಅನ್ಯ ಮತದ ಮಗುವಿಗೆ ಅದೊಂದು ಸಿನಿಮಾದ ಹೆಸರು ಅಷ್ಟೇ. ಜೈನ ಮಗುವಿಗೆ ಆ ಹೆಸರು ಅಷ್ಟೇ ಆಗಬಹುದೆ? ‘ಬಾಹುಬಲಿ ಯಾರು?’ ಎಂದು ಎಂಟು ವರ್ಷದ ಶ್ರಾವಕಪುತ್ರನನ್ನು ಕೇಳಿದರೆ ಆತ ಮೊದಲು ಹೇಳುವ ಉತ್ತರ ಯಾವುದು? ಈ ಪ್ರಶ್ನೆಯನ್ನು ಪ್ರತಿಯೊಬ್ಬ ತಂದೆಯೂ ತನ್ನ ಮನೆಯಲ್ಲಿಯೇ ಕೇಳಿ ನೋಡಬಹುದು. ಉತ್ತರ ಬಂದ ಮೇಲೆ ಸಿನಿಮಾದವರ ಮೇಲೆ ಕೋಪಿಸಿಕೊಳ್ಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ಅವರು ತಮ್ಮ ಕಥೆ ಪುರಾಣದ ಬಾಹುಬಲಿಯದೆಂದು ಹೇಳಿಕೊಂಡಿಲ್ಲ. ಬಲಿಷ್ಠವಾದ ತೋಳುಗಳುಳ್ಳವನು ಎಂಬ ಅರ್ಥದ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಬರಿದಾಗಿದ್ದ ಜಾಗಕ್ಕೆ ಅವರು ಬಂದು ಕುಳಿತರು. ಜಾಗವನ್ನು ಬರಿದು ಮಾಡಿದವರು ಬೇರೆ.

ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಚಿತ್ರದಲ್ಲಿ ದಾಯಾದಿಗಳ ನಡುವೆ ಸಿಂಹಾಸನಕ್ಕಾಗಿ ವೈರ. ಸಹಸ್ರಾರು ಸೈನಿಕರ ಯುದ್ಧ, ರಕ್ತದ ಹೊಳೆ. ಕೊನೆಗೆ ಮಗನು ತಂದೆಯ ಸೇಡು ತೀರಿಸಿಕೊಂಡು ಪಟ್ಟವೇರುತ್ತಾನೆ. ಪುರಾಣದಲ್ಲಿಯೂ ಭರತ ಬಾಹುಬಲಿಗಳ ನಡುವೆ ರಾಜ್ಯಕ್ಕಾಗಿಯೇ ವಿವಾದ. ಆದರೆ ಅಲ್ಲಿ ಮಂತ್ರಿಗಳು ಸೇನೆಯನ್ನು ತಡೆಯುತ್ತಾರೆ. ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರೇಕೆ ಸಾಯಬೇಕು ಎಂಬುದು ಅವರ ವಾದ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಈ ಮೂರರಲ್ಲಿಯೂ ಗೆದ್ದವನು ತಮ್ಮ. ಅವಮಾನಿತನಾದ ಚಕ್ರವರ್ತಿಯು ಚಕ್ರರತ್ನವನ್ನು ಪ್ರಯೋಗಿಸುತ್ತಾನೆ. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಲ್ಲುತ್ತದೆ. ಗೆದ್ದ ಆ ಕ್ಷಣದಲ್ಲಿಯೇ ಬಾಹುಬಲಿ ರಾಜ್ಯವನ್ನು ಅಣ್ಣನಿಗೆ ಬಿಟ್ಟು ಹೊರಡುತ್ತಾನೆ. ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಂತವನ ಕಾಲಿನ ಬಳಿ ಹುತ್ತ ಬೆಳೆಯಿತು, ತೋಳುಗಳಿಗೆ ಬಳ್ಳಿ ಹಬ್ಬಿತು. ಸಿನಿಮಾದ ಕಥೆ ಪಟ್ಟಾಭಿಷೇಕದಲ್ಲಿ ಮುಗಿದರೆ ಪುರಾಣದ ಕಥೆ ಪಟ್ಟವನ್ನು ಬಿಟ್ಟಲ್ಲಿ ತೊಡಗುತ್ತದೆ.

ಚಿತ್ರದ ಪಕ್ಷದಲ್ಲಿ ಹೇಳಬೇಕಾದ ಮಾತೂ ಒಂದಿದೆ, ಹೇಳದಿದ್ದರೆ ಪಕ್ಷಪಾತವಾದೀತು. ಯುದ್ಧಕ್ಕೆ ಮುನ್ನ ದೇವಿಗೆ ಪ್ರಾಣಿಬಲಿ ಕೊಡಬೇಕಾದ ಸಂದರ್ಭದಲ್ಲಿ ಚಿತ್ರದ ನಾಯಕನು ಮೂಕ ಪ್ರಾಣಿಯನ್ನು ಕಡಿಯಲು ಒಪ್ಪದೆ ತನ್ನ ಕೈಯನ್ನೇ ಕೊಯ್ದು ರಕ್ತವನ್ನು ಅರ್ಪಿಸುತ್ತಾನೆ. ಇಷ್ಟು ಮಟ್ಟಿಗೆ ಆ ಹೆಸರಿನ ಋಣ ತೀರಿಸಿದ್ದಾನೆ. ಇನ್ನೊಂದು ಸ್ವಾರಸ್ಯ: ಅದೇ ಚಿತ್ರದಲ್ಲಿ ಖಳನಾಯಕನ ಬೃಹತ್ ಸ್ವರ್ಣಪ್ರತಿಮೆಯನ್ನು ಪ್ರಜೆಗಳಿಂದ ಎಳೆಸಿ ನಿಲ್ಲಿಸುವ ದೃಶ್ಯವಿದೆ, ಎರಡನೆಯ ಭಾಗದ ಕೊನೆಗೆ ಅದರ ತಲೆ ಜಲಪಾತದಲ್ಲಿ ಉರುಳಿಹೋಗುತ್ತದೆ. ಅಹಂಕಾರದ ಪ್ರತಿಮೆ ನಿಲ್ಲಲಾರದೆಂಬುದು ಚಿತ್ರಕಾರರಿಗೂ ಗೊತ್ತು. ಸುಮಾರು ಕ್ರಿ.ಶ. 981ರಲ್ಲಿ ಚಾವುಂಡರಾಯನು ಮಾಡಿಸಿದ 58 ಅಡಿಯ ಮೂರ್ತಿ ಸಾವಿರ ವರ್ಷ ದಾಟಿಯೂ ಹಾಗೆಯೇ ನಿಂತಿದೆ.

ಈಗ ಪ್ರಯಾಣದ ದಾರಿಯ ಮಾತು. ಕಲಬುರಗಿಯಿಂದ ಸೇಡಂ ಮಾರ್ಗವಾಗಿ ಹೈದರಾಬಾದಿಗೆ ಹೋಗುವ ವಾಹನ ಮಳಖೇಡದ ಮೂಲಕ ಹಾದುಹೋಗುತ್ತದೆ. ಮಳಖೇಡವೆಂದರೆ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಭರತ ಬಾಹುಬಲಿಯರ ಕಥೆಯನ್ನು ಸಂಸ್ಕೃತ ಆದಿಪುರಾಣದಲ್ಲಿ ವಿಸ್ತಾರವಾಗಿ ಬರೆದ ಜಿನಸೇನಾಚಾರ್ಯರು ಆ ಚಕ್ರವರ್ತಿಯ ಗುರುಗಳು. ಅಲ್ಲಿ ನೇಮಿನಾಥ ಬಸದಿ ಇಂದಿಗೂ ಇದೆ. ಬಸ್ಸು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ನಿಂತರೆ ಚಹಾಕ್ಕಾಗಿ ನಿಂತೀತು.

ಮುಂದೆ ಹೋಗಿ ಸೇರುವ ನಾಡಾದರೂ ಸಾಮಾನ್ಯವಾದುದಲ್ಲ. ಬಾಹುಬಲಿಯ ರಾಜಧಾನಿ ಪೌದನಪುರವು ನಿಜಾಮಾಬಾದ್ ಜಿಲ್ಲೆಯ ಬೋಧನವೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಭರತ ಚಕ್ರವರ್ತಿಯು ಪೌದನಪುರದಲ್ಲಿ 525 ಬಿಲ್ಲುಗಳಷ್ಟು ಎತ್ತರದ ಬಾಹುಬಲಿ ಮೂರ್ತಿಯನ್ನು ನಿಲ್ಲಿಸಿದ್ದನೆಂದೂ, ಕಾಲಕ್ರಮದಲ್ಲಿ ಅದನ್ನು ಕುಕ್ಕುಟಸರ್ಪಗಳು ಸುತ್ತುವರಿದು ದರ್ಶನ ದುರ್ಲಭವಾಯಿತೆಂದೂ, ಅದನ್ನು ಕಾಣಬಯಸಿದ ಚಾವುಂಡರಾಯನು ದಾರಿ ದುರ್ಗಮವೆಂದು ತಿಳಿದು ತಾನೇ ಅಂತಹ ಮೂರ್ತಿಯನ್ನು ಮಾಡಿಸಿದನೆಂದೂ ಶ್ರವಣಬೆಳಗೊಳದ ಬೊಪ್ಪಣ ಕವಿಯ ಶಾಸನ ಹೇಳುತ್ತದೆ. ತಾಯಿ ಕಾಳಲಾದೇವಿಯ ದರ್ಶನದ ಹಂಬಲವೇ ಅದಕ್ಕೆ ಕಾರಣವೆಂಬುದು ಸಂಪ್ರದಾಯ. ಅಂದರೆ ಒಬ್ಬ ತಾಯಿ ಯಾವ ದಿಕ್ಕಿಗೆ ಬಾಹುಬಲಿಯನ್ನು ಹುಡುಕಿಕೊಂಡು ಹೋಗಬಯಸಿದಳೋ ಅದೇ ದಿಕ್ಕಿಗೆ ಇಂದಿನ ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೊರಡುತ್ತಾರೆ. ಕಾಣುವುದು ಪ್ಲಾಸ್ಟರಿನ ಮಾಹಿಷ್ಮತಿಯನ್ನು.

ಹೈದರಾಬಾದಿನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ ಕೊಲನುಪಾಕವಿದೆ. ಕಲ್ಯಾಣದ ಚಾಲುಕ್ಯರ ಕಾಲದ ಕೊಲ್ಲಿಪಾಕೆ ಅದು. ಕನ್ನಡ ಶಾಸನಗಳು ದೊರೆತಿರುವ ಊರು. ಅಲ್ಲಿನ ಮೂಲನಾಯಕ ಮಾಣಿಕ್ಯದೇವನೆಂದು ಹೆಸರಾದ ಆದಿನಾಥಸ್ವಾಮಿ, ಬಾಹುಬಲಿಯ ತಂದೆ! ಶ್ವೇತಾಂಬರ ಬಂಧುಗಳ ವ್ಯವಸ್ಥೆಯಲ್ಲಿರುವ ಕ್ಷೇತ್ರವೆಂದು ಮುಖ ತಿರುಗಿಸುವವರು ಕೆಲವರುಂಟು. ಚಿತ್ರನಗರಿಯ ಟಿಕೇಟು ಕೊಳ್ಳುವಾಗ ಆಮ್ನಾಯದ ಪ್ರಶ್ನೆ ಏಳುವುದಿಲ್ಲವೆಂಬುದು ಗಮನಾರ್ಹ. ಇನ್ನು ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಗುಡ್ಡ. 941ರಲ್ಲಿ ಕನ್ನಡದ ಆದಿಪುರಾಣವನ್ನು ರಚಿಸಿದ ಪಂಪನ ತಮ್ಮ ಜಿನವಲ್ಲಭನು ಅಲ್ಲಿ ಚಕ್ರೇಶ್ವರಿಯನ್ನೂ ಜಿನಬಿಂಬಗಳನ್ನೂ ಬಂಡೆಯಲ್ಲಿ ಕಡೆಯಿಸಿ, ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಶಾಸನ ಬರೆಸಿದ್ದಾನೆ. ಪಂಪನ ವಂಶದ ವಿವರ ನಾಡಿಗೆ ತಿಳಿದದ್ದು ಬಹುಮಟ್ಟಿಗೆ ಆ ಬಂಡೆಯಿಂದ. ತೆಲುಗರು ತಮ್ಮ ಭಾಷೆಯ ಅತಿ ಪ್ರಾಚೀನ ಕಂದಪದ್ಯಗಳನ್ನು ಕಾಣಲು ಅಲ್ಲಿಗೆ ಹೋಗುತ್ತಾರೆ. ಕನ್ನಡ ಜೈನರು ಎಷ್ಟು ಮಂದಿ ಹೋಗಿದ್ದಾರೆ?

ಇದಕ್ಕೆ ಬರುವ ಸಮಾಧಾನ ಸಿದ್ಧವಾಗಿಯೇ ಇದೆ: ಮಕ್ಕಳಿಗೆ ಸಂತೋಷ ಬೇಡವೆ? ವರ್ಷವೆಲ್ಲ ಪಾಠ, ಪರೀಕ್ಷೆ ಎಂದು ಬಳಲಿದ ಮಕ್ಕಳನ್ನು ಬಂಡೆಯ ಮುಂದೆ ನಿಲ್ಲಿಸುವುದು ಕ್ರೌರ್ಯವಲ್ಲವೆ? ಸಂತೋಷ ಬೇಕು. ಗೃಹಸ್ಥಧರ್ಮವು ಸಂತೋಷವನ್ನು ನಿಷೇಧಿಸಿಲ್ಲ. ಅದಕ್ಕೆ ಪರಿಮಾಣವನ್ನು ವಿಧಿಸಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು ಐದು ಬಗೆಯಾಗಿ ವಿವರಿಸುತ್ತದೆ. ಅವುಗಳಲ್ಲಿ ರಾಗದ್ವೇಷಗಳನ್ನು ಕೆರಳಿಸುವ ಕಥೆಗಳಿಗೆ ಕಿವಿಗೊಡುವ ದುಃಶ್ರುತಿ ಒಂದು, ಪ್ರಮಾದಚರ್ಯೆ ಇನ್ನೊಂದು. ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಿಡ ಮುರಿಯುವುದು ಇವೆಲ್ಲ ಪ್ರಮಾದಚರ್ಯೆ. ಅದೇ ಪಟ್ಟಿಯಲ್ಲಿ ಆಚಾರ್ಯರು ವೃಥಾ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಸೇರಿಸಿದ್ದಾರೆ. ಬಸ್ಸನ್ನು ಗೊತ್ತುಮಾಡಿ ನಲವತ್ತು ಜನರನ್ನು ತುಂಬಿಕೊಂಡು ಹೊರಡುವ ವ್ಯವಸ್ಥಾಪಕ ಮಹಾಶಯರು ಆ ಎರಡನೆಯ ಶಬ್ದವನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳಬೇಕು.

ದಿನಚರಿಯ ಕಡೆಗೂ ನೋಡಬೇಕು. ಬೆಳಗಿನಿಂದ ಸಂಜೆಯವರೆಗೆ ಸಾಹಸಪ್ರದರ್ಶನ, ಗುಂಡಿನ ಸದ್ದು, ಸವಾರಿಯ ಸಾಲು, ಪಕ್ಷಿ ಉದ್ಯಾನ. ಪಂಜರದ ಪಕ್ಷಿಯನ್ನು ತೋರಿಸಿ ಮಗುವಿಗೆ ಏನು ಹೇಳಬೇಕು? ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದೇ ಬಂಧವೆಂದು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸಿದವರು ಅಲ್ಲಿ ಮೌನವಾಗುತ್ತಾರೆ. ಸಂಜೆಯ ದೀಪಾಲಂಕಾರ ನೋಡಿ ಹೊರಡುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಬುತ್ತಿ ಮಧ್ಯಾಹ್ನವೇ ಮುಗಿದಿದೆ, ಮಕ್ಕಳು ಹಸಿದಿದ್ದಾರೆ. ರಾತ್ರಿಭೋಜನತ್ಯಾಗವನ್ನು ಮನೆಯಲ್ಲಿ ಪಾಲಿಸುವ ಕುಟುಂಬ ಅಂದು ಹೆದ್ದಾರಿಯ ಹೋಟೆಲಿನಲ್ಲಿ ಕುಳಿತಿರುತ್ತದೆ. ‘ಒಂದು ದಿನಕ್ಕೆ ಏನಾಯಿತು’ ಎನ್ನುತ್ತಾರೆ. ಮಗು ಕಲಿಯುವುದು ಆ ಒಂದು ದಿನದ ಪಾಠವನ್ನೇ.

ಜೈನಧರ್ಮ ದೃಶ್ಯವೈಭವಕ್ಕೆ ವೈರಿಯೆಂದು ತಿಳಿಯುವುದು ಮಾತ್ರ ತಪ್ಪು. ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ನೆನೆಯಬೇಕು. ವೃಷಭನಾಥನ ಆಸ್ಥಾನದಲ್ಲಿ ದೇವನರ್ತಕಿ ನೀಲಾಂಜನೆ ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ತೀರಿ ದೇಹ ಮಾಯವಾಗುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಕ್ಷಣಾರ್ಧದಲ್ಲಿ ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆ ಅದನ್ನು ಗುರುತಿಸದೆ ನೋಡುತ್ತಲೇ ಇರುತ್ತದೆ. ಗುರುತಿಸಿದವನು ವೃಷಭನಾಥನೊಬ್ಬನೇ, ಆತನ ವೈರಾಗ್ಯಕ್ಕೆ ಆ ನೋಟವೇ ಕಾರಣವಾಯಿತು. ಇಂದ್ರನ ಈ ಚಮತ್ಕಾರವನ್ನು ಇಂದಿನ ಚಿತ್ರರಂಗದವರು ಇಷ್ಟೊಂದು ಯಂತ್ರಗಳನ್ನಿಟ್ಟುಕೊಂಡು ಮಾಡುತ್ತಾರೆ. ಸಿನಿಮಾದ ದೃಶ್ಯಗಳನ್ನು ಹೇಗೆ ಚಿತ್ರೀಕರಿಸಿ ಜೋಡಿಸುತ್ತಾರೆಂದು ಮಕ್ಕಳಿಗೆ ತೋರಿಸುವ ಪ್ರಾತ್ಯಕ್ಷಿಕೆಯೂ ಆ ನಗರಿಯಲ್ಲಿದೆ. ಇಡೀ ದಿನದಲ್ಲಿ ಏನಾದರೂ ಉಪಯೋಗ ಸಿಕ್ಕೀತೆಂದರೆ ಅಲ್ಲಿಯೇ ಸಿಕ್ಕೀತು. ತಂದೆಯು ಅಲ್ಲಿಂದ ಹೊರಬಂದು ಮರದ ನೆರಳಿನಲ್ಲಿ ಕುಳಿತು ನೀಲಾಂಜನೆಯ ಕಥೆಯನ್ನು ಹತ್ತು ನಿಮಿಷ ಹೇಳಿದರೆ ಆ ಮಗು ಅದನ್ನು ಜನ್ಮದಲ್ಲಿ ಮರೆಯದು. ಆದರೆ ಹೇಳುವ ತಂದೆಗೆ ಕಥೆ ಗೊತ್ತಿರಬೇಕಲ್ಲ.

ಕುಟುಂಬಗಳು ಸ್ವಂತ ದುಡಿಮೆಯಲ್ಲಿ ಎಲ್ಲಿಗೆ ಹೋದರೂ ಅದು ಅವರವರ ವಿವೇಕಕ್ಕೆ ಬಿಟ್ಟದ್ದು. ಬಸದಿಯ ಟ್ರಸ್ಟುಗಳ ವಿಚಾರ ಹಾಗಲ್ಲ. ‘ತೀರ್ಥಯಾತ್ರೆ’ ಎಂದು ಕರಪತ್ರ ಅಚ್ಚುಮಾಡಿಸಿ, ಜಿನಬಿಂಬದ ಚಿತ್ರದ ಕೆಳಗೆ ಚಿತ್ರನಗರಿಯ ಹೆಸರು ಸೇರಿಸುವುದು ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಕಲಬೆರಕೆ. ವಿಹಾರಕ್ಕೆ ವಿಹಾರವೆಂದೇ ಹೆಸರಿಡಲಿ. ಜಮಾ-ಖರ್ಚಿನ ಪುಸ್ತಕದಲ್ಲಿಯೂ ಅದು ಬೇರೆ ತಲೆಬರಹದಲ್ಲಿರಲಿ. ಯಾತ್ರೆಯ ನಿಧಿಗೆ ದಾನ ಕೊಟ್ಟ ಮುದುಕಿಯ ಹಣ ಪ್ರವೇಶ ಟಿಕೇಟಿಗೆ ಹೋಗಬಾರದು. ಒಬ್ಬ ವಯಸ್ಕರ ಪ್ರವೇಶಕ್ಕೇ ಸಾವಿರ ರೂಪಾಯಿಗೆ ಮೇಲಾಗುವ ಜಾಗದಲ್ಲಿ ನಲವತ್ತು ಜನರ ಲೆಕ್ಕ ನಲವತ್ತು ಸಾವಿರ ಮೀರುತ್ತದೆ. ಅಷ್ಟು ಮೊತ್ತದಲ್ಲಿ ಒಂದು ಹಳ್ಳಿಯ ಬಸದಿಯ ಸೋರುವ ಮಾಳಿಗೆಯ ದುರಸ್ತಿಗೆ ಕೈಹಾಕಬಹುದು. ಪಾಠಶಾಲೆಯ ಉಪಾಧ್ಯಾಯರಿಗೆ ಕೆಲವು ತಿಂಗಳ ಸಂಭಾವನೆ ಕೊಡಬಹುದು.

ಹೈದರಾಬಾದಿನ ಕಡೆಗೆ ಬಸ್ಸು ಹೊರಡಲೇಬೇಕೆಂದಾದರೆ ಕಾರ್ಯಕ್ರಮ ಹೀಗಿರಬಹುದು. ಬೆಳಿಗ್ಗೆ ಮಳಖೇಡದ ಬಸದಿಯಲ್ಲಿ ಪೂಜೆ, ಅಲ್ಲಿಯೇ ಹಿರಿಯರೊಬ್ಬರಿಂದ ಭರತ ಬಾಹುಬಲಿಯರ ಕಥೆ. ಮರುದಿನ ಕೊಲನುಪಾಕ. ಮೂರನೆಯ ದಿನ ಕುರಿಕ್ಯಾಲ. ಇಷ್ಟಾದ ಮೇಲೂ ಮಕ್ಕಳು ಮಾಹಿಷ್ಮತಿಯನ್ನು ನೋಡಬೇಕೆಂದರೆ ನಾಲ್ಕನೆಯ ದಿನ ತಂದೆತಾಯಿಗಳು ತಮ್ಮ ಖರ್ಚಿನಲ್ಲಿ ತೋರಿಸಲಿ. ಆಗ ಆ ಮಕ್ಕಳೇ ಅಲ್ಲಿನ ಹೆಸರನ್ನು ಕೇಳಿ ಪ್ರಶ್ನೆ ಹಾಕುತ್ತಾರೆ. ಕುರಿಕ್ಯಾಲದ ದಾರಿ ಚಾಲಕನಿಗೆ ತಿಳಿಯದಿರಬಹುದು. ಕರೀಂನಗರ ದಾಟಿ ಗಂಗಾಧರದಲ್ಲಿ ಬೊಮ್ಮಲಗುಟ್ಟ ಎಲ್ಲಿ ಎಂದು ವಿಚಾರಿಸಬೇಕು. ಅಲ್ಲಿಯವರು ಆ ಗುಡ್ಡವನ್ನು ಕರೆಯುವುದು ಆ ಹೆಸರಿನಿಂದ. ಗುಡ್ಡವನ್ನು ಬಿಸಿಲೇರುವ ಮೊದಲೇ ಹತ್ತುವುದು ಒಳಿತು, ಗಾಳಿಸಿದ ನೀರನ್ನು ಜೊತೆಯಲ್ಲಿ ಒಯ್ಯಬೇಕು.