ಜನಾದೇಶ ಎಂಬ ದೊಡ್ಡ ಮಾತು

ಚುನಾವಣೆಯ ಫಲಿತಾಂಶ ಬಂದ ಸಂಜೆ ಟೀವಿಯವರಿಂದ ಹಿಡಿದು ಗೆದ್ದವರು, ಸೋತವರವರೆಗೆ ಎಲ್ಲರ ಬಾಯಲ್ಲೂ ಒಂದೇ ಪದ: ಜನಾದೇಶ. ಮತಗಳ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಸಂಶೋಧನೆ ಮಾಡುತ್ತಿರುವ ನನಗೆ ಈ ಪದದ ಮೇಲಿನ ನಂಬಿಕೆಯೇ ಹೊರಟುಹೋಗಿದೆ. ಲೋಕಸಭೆಯಲ್ಲಿ ಯಾರಿಗೆ ಎಷ್ಟು ಕುರ್ಚಿ ಎಂಬುದಕ್ಕೂ ಜನ ಯಾರಿಗೆ ಎಷ್ಟು ಮತ ಕೊಟ್ಟರು ಎಂಬುದಕ್ಕೂ ತಾಳಮೇಳವಿಲ್ಲ.

2024ರ ಕರ್ನಾಟಕವನ್ನೇ ನೋಡಿ. ಬಿಜೆಪಿಗೂ ಕಾಂಗ್ರೆಸ್ಸಿಗೂ ಇದ್ದ ಮತಗಳ ಅಂತರ ಶೇ. 1ಕ್ಕಿಂತ ಕಡಿಮೆ. ಸ್ಥಾನಗಳು ಮಾತ್ರ 17 ಮತ್ತು 9. ಬಿಜೆಪಿಯ ಜೊತೆಗಿದ್ದ ಜೆಡಿಎಸ್‌ನ ಮತಗಳನ್ನೂ ಸೇರಿಸಬೇಕಲ್ಲವೇ ಎನ್ನುತ್ತೀರಿ. ಸೇರಿಸೋಣ. ಆಗಲೂ ಸುಮಾರು ಶೇ. 52 ಮತಕ್ಕೆ 28ರಲ್ಲಿ 19 ಸ್ಥಾನ, ಅಂದರೆ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು. ಇದು ಒಂದು ಪಕ್ಷದ ಮೇಲಿನ ದೂರಲ್ಲ. ಅದೇ ಚುನಾವಣೆಯಲ್ಲಿ ತಮಿಳುನಾಡಿನಲ್ಲಿ ಶೇ. 20ರಷ್ಟು ಮತ ಪಡೆದ ಎಐಎಡಿಎಂಕೆಗೆ ಸಿಕ್ಕಿದ್ದು ಸೊನ್ನೆ. ಮಧ್ಯಪ್ರದೇಶದಲ್ಲಿ ಶೇ. 32ರಷ್ಟು ಮತ ಪಡೆದ ಕಾಂಗ್ರೆಸ್ಸಿಗೂ ಸೊನ್ನೆ. ಆ ಲಕ್ಷಾಂತರ ಮತದಾರರ ಪರವಾಗಿ ಅವರ ರಾಜ್ಯದಿಂದ ದೆಹಲಿಯಲ್ಲಿ ಮಾತಾಡುವವರು ಯಾರು?

ಸಂವಿಧಾನ ಸಭೆಯಲ್ಲೇ ಈ ಪ್ರಶ್ನೆ ಎದ್ದಿತ್ತು. ಮತಕ್ಕೆ ತಕ್ಕ ಪ್ರಾತಿನಿಧ್ಯ ಬೇಕೆಂದು ಕಾಜಿ ಸೈಯದ್ ಕರೀಮುದ್ದೀನ್ ಕೇಳಿದರು. ಅಂಬೇಡ್ಕರ್ ಒಪ್ಪಲಿಲ್ಲ. ಅದಕ್ಕೆ ಜನ ಅಕ್ಷರಸ್ಥರಾಗಿರಬೇಕು, ಸರ್ಕಾರವೂ ಸ್ಥಿರವಾಗಿರಬೇಕು ಎಂಬುದು ಅವರ ವಾದ. 1951ರ ಜನಗಣತಿಯಲ್ಲಿ ಸಾಕ್ಷರತೆ ಶೇ. 18ರ ಆಸುಪಾಸಿನಲ್ಲಿದ್ದ ದೇಶಕ್ಕೆ ಅದು ವಿವೇಕದ ಮಾತೇ. ಆದರೆ 2011ರ ಹೊತ್ತಿಗೆ ಸಾಕ್ಷರತೆ ಶೇ. 70 ದಾಟಿತ್ತು. ಸ್ಥಿರತೆಯ ಮಾತಿಗೆ ಬಂದರೆ, 1989ರಿಂದ 2014ರವರೆಗೆ ಒಂದೇ ಒಂದು ಪಕ್ಷಕ್ಕೂ ಬಹುಮತ ಬರಲಿಲ್ಲ. 2024ರಲ್ಲೂ ಬಿಜೆಪಿ 240ಕ್ಕೆ ನಿಂತಿತು. ಮೈತ್ರಿ ತಪ್ಪಿಸುತ್ತದೆಂದು ಹೊಗಳುವ ಪದ್ಧತಿಯೇ ನಮಗೆ ಮೈತ್ರಿ ಸರ್ಕಾರಗಳನ್ನು ಕೊಟ್ಟಿದೆ.

ನನಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ರಾಜ್ಯಸಭೆಗೆ ಆಯ್ಕೆ ಮಾಡುವಾಗ ಶಾಸಕರು ಪ್ರಾಶಸ್ತ್ಯ ಮತ ಹಾಕುತ್ತಾರೆ. ವಿರೋಧ ಪಕ್ಷಕ್ಕೂ ಅದರ ಬಲಕ್ಕೆ ತಕ್ಕ ಪಾಲು ಸಿಗಲಿ ಎಂದೇ ಆ ಏರ್ಪಾಡು. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲೂ ನಾವು 1, 2, 3 ಎಂದು ಬರೆಯುತ್ತೇವೆ. ಶಾಸಕರಿಗೆ, ಪದವಿ ಪಡೆದವರಿಗೆ ಸಲ್ಲುವ ಸೂಕ್ಷ್ಮ ಲೆಕ್ಕ ಹೊಲದಲ್ಲಿ ದುಡಿಯುವವಳಿಗೆ ಯಾಕೆ ಸಲ್ಲಬಾರದು?

ಇರುವ ಕ್ಷೇತ್ರಗಳನ್ನು ಕೆಡವಿ ಎಂದು ನಾನು ಹೇಳುತ್ತಿಲ್ಲ. ನಮ್ಮೂರಿನ ಸಂಸದ ನಮಗೆ ಬೇಕು. ಈಗಿರುವ ಸ್ಥಾನಗಳ ಜೊತೆಗೆ ಇನ್ನೂ ಶೇ. 25ರಷ್ಟನ್ನು ಸೇರಿಸಿ, ಅವನ್ನು ಪಕ್ಷಗಳ ಮತಪ್ರಮಾಣದಂತೆ ಪಟ್ಟಿಯಿಂದ ತುಂಬಬಹುದೆಂದು ಕಾನೂನು ಆಯೋಗ 1999ರಲ್ಲೇ ತನ್ನ 170ನೇ ವರದಿಯಲ್ಲಿ ಹೇಳಿತ್ತು. ಅದು ಜಾರಿಯಾಗಲಿಲ್ಲ. ಹಳೆಯ ಲೆಕ್ಕದಿಂದ ಗೆದ್ದು ಕೂತವರೇ ಹೊಸ ಲೆಕ್ಕ ತರಬೇಕಲ್ಲ!

ಕ್ಷೇತ್ರ ಮರುವಿಂಗಡಣೆಯ ಮಾತು ಬಂದಾಗಲೆಲ್ಲ ದಕ್ಷಿಣಕ್ಕೆ ಎಷ್ಟು ಸ್ಥಾನ ಎಂದು ಕೇಳುತ್ತೇವೆ. ಕೇಳಲೇಬೇಕು. ಅದರ ಬೆನ್ನಿಗೇ ಆ ಸ್ಥಾನಗಳನ್ನು ಯಾವ ಲೆಕ್ಕದಲ್ಲಿ ತುಂಬುತ್ತೀರಿ ಎಂದೂ ಕೇಳಬೇಕು. ಅದಕ್ಕೆ ಉತ್ತರ ಸಿಗುವವರೆಗೆ ಜನಾದೇಶ ಎಂಬ ಪದವನ್ನು ಸ್ವಲ್ಪ ಸಂಕೋಚದಿಂದ ಬಳಸೋಣ.