ಎದೆಯ ಮಾತು, ಗಡಿಯಾರದ ಮಾತು



ವಿಜ್ಞಾನದ ಪ್ರಯೋಗಾಲಯದಲ್ಲಿ ಗ್ಯಾಲ್ವನೋಮೀಟರನ್ನು ನಿಮ್ಮ ಮುಂದಿಡುವ ಮೊದಲು ನಾನು ಕೇಳುತ್ತಿದ್ದ ಪ್ರಶ್ನೆ ನೆನಪಿದೆಯೇ? "ಈ ಉಪಕರಣ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ?" ಮೊದಲರ್ಧಕ್ಕೆ ಎಲ್ಲರೂ ಕೈಯೆತ್ತುತ್ತಿದ್ದಿರಿ, ಎರಡನೆಯದಕ್ಕೆ ತರಗತಿ ಮೌನವಾಗುತ್ತಿತ್ತು. ಆ ಮೌನದ ಬೆಲೆ ಎಷ್ಟೆಂಬುದು ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರಿಗೇ ತಿಳಿಯಿತು.

ನನ್ನ ತಂಗಿಯ ಗಂಡ ಕೊಪ್ಪದ ಸಮೀಪದ ಅಡಿಕೆ ಬೆಳೆಗಾರರು. ಹೊರದೇಶದಲ್ಲಿರುವ ಮಗ ಪ್ರೀತಿಯಿಂದ ಕಳುಹಿಸಿದ ಕೈಗಡಿಯಾರವೊಂದು ಅವರಲ್ಲಿದೆ. ಅದರ ಗುಂಡಿಯ ಮೇಲೆ ಬೆರಳಿಟ್ಟರೆ ಅರ್ಧ ನಿಮಿಷದಲ್ಲಿ ಇಸಿಜಿ ಮೂಡುತ್ತದೆ. ಆಷಾಢದ ಒಂದು ರಾತ್ರಿ ಭಾವನವರಿಗೆ ಎದೆ ಬಿಗಿದು ಎಡತೋಳು ನೋಯತೊಡಗಿತು. ಬೆರಳಿಟ್ಟರು. 'ಸೈನಸ್ ರಿದಮ್', ಅಂದರೆ ಲಯ ಸಹಜವಾಗಿದೆ ಎಂದು ಬಂತು. ಗ್ಯಾಸ್ಟ್ರಿಕ್ ಇರಬೇಕೆಂದು ಓಮದ ಕಷಾಯ ಕುಡಿದು ಮಲಗಿದರು. ಬೆಳಿಗ್ಗೆ ವೈದ್ಯರು ತೆಗೆದ ದೊಡ್ಡ ಇಸಿಜಿಯಲ್ಲಿ ಹೃದಯಾಘಾತ ಸ್ಪಷ್ಟವಾಗಿತ್ತು. ದೇವರ ದಯೆಯಿಂದ ಜೀವ ಉಳಿಯಿತು. ಆದರೆ ತೋಟದಿಂದ ಮನೆಗೆ ಹತ್ತುವ ದರೆಯ ಮೆಟ್ಟಿಲುಗಳಲ್ಲಿ ಈಗ ಎರಡು ಕಡೆ ನಿಲ್ಲಬೇಕಾಗುತ್ತದೆ. ತಂಗಿ ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ: "ಅಣ್ಣಯ್ಯಾ, ಆ ಗಡಿಯಾರ ಇಲ್ದಿದ್ರೆ ರಾತ್ರಿಯೇ ಜೀಪು ಮಾಡ್ಕೊಂಡು ಹೋಗ್ತಿದ್ವು."

ಗಡಿಯಾರ ಸುಳ್ಳು ಹೇಳಿತೇ? ಇಲ್ಲ. ಲಯ ಸಹಜವಾಗಿಯೇ ಇತ್ತು. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಆಗಲೂ ಬಡಿತದ ಲಯ ಕೆಡದೇ ಇರಬಹುದು. ಆಸ್ಪತ್ರೆಯ ಇಸಿಜಿ ಹೃದಯವನ್ನು ಹನ್ನೆರಡು ಕೋನಗಳಿಂದ ನೋಡುತ್ತದೆ, ಗಡಿಯಾರದ್ದು ಒಂದೇ ಕೋನ. ಜಗಲಿಯಲ್ಲಿ ಕುಳಿತವನಿಗೆ ಹಿತ್ತಿಲಿನ ಬೆಂಕಿ ಕಾಣುವುದೆಂತು? ಇದು ಹೃದಯಾಘಾತವನ್ನು ಗುರುತಿಸಲಾರದೆಂದು ಇಂಥ ಗಡಿಯಾರಗಳ ತಯಾರಕರೇ ಬರೆದಿರುತ್ತಾರೆ. ಓದುವವರು ಯಾರು?

ಹಾಗೆಂದು ಈ ಉಪಕರಣವನ್ನು ಹಳಿಯಲು ಹೊರಟವನಲ್ಲ ನಾನು. ಡಚ್ ವಿಜ್ಞಾನಿ ಐಂತೋವನ್ ಅವರಿಗೆ 1924ರ ನೊಬೆಲ್ ತಂದುಕೊಟ್ಟ ಇಸಿಜಿಯ ಮೂಲ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಅದು ಮಣಿಕಟ್ಟಿಗೆ ಬಂದುದು ಸಣ್ಣ ಸಾಧನೆಯಲ್ಲ. ನರಸಿಂಹರಾಜಪುರದಲ್ಲಿರುವ ನನ್ನ ನಿವೃತ್ತ ಸಹೋದ್ಯೋಗಿಯೊಬ್ಬರಿಗೆ ಗಡಿಯಾರ ಮೂರು ಬಾರಿ 'ಲಯ ಅಸಮ' ಎಂದಿತು. ವೈದ್ಯರು ಹೋಲ್ಟರ್ ಯಂತ್ರ ಕಟ್ಟಿ ಒಂದು ದಿನ ನೋಡಿದಾಗ ಏಟ್ರಿಯಲ್ ಫಿಬ್ರಿಲೇಷನ್ ಇರುವುದು ಖಚಿತವಾಯಿತು. ಇದರಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಬಡಿಯುವ ಭಯವಿರುತ್ತದೆ. ಅವರೀಗ ಔಷಧಿಯಲ್ಲಿದ್ದಾರೆ, ಕ್ಷೇಮವಾಗಿದ್ದಾರೆ.

ಈ ಎಚ್ಚರಿಕೆಗಳು ಎಷ್ಟರಮಟ್ಟಿಗೆ ನಿಜ? 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಜನರಿದ್ದರು. ಗಡಿಯಾರ ಎಚ್ಚರಿಸಿದ್ದು 2,161 ಮಂದಿಯನ್ನು. ಅವರಲ್ಲಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಹಿಂದಿರುಗಿಸಿದ 450 ಜನರ ಪೈಕಿ ಶೇ. 34ರಷ್ಟು ಮಂದಿಯಲ್ಲಿ ಆ ದೋಷ ಕಂಡಿತು. ಉಳಿದವರದು ಸುಳ್ಳು ಎಚ್ಚರಿಕೆಯೆಂದು ಅವಸರಪಡಬೇಡಿ. ಪಟ್ಟಿ ಅಂಟಿಸಿದ್ದು ದಿನಗಳ ನಂತರ, ಮತ್ತು ಈ ದೋಷ ಬಂದು ಹೋಗುವಂಥದ್ದು. ನಿನ್ನೆ ತರಗತಿ ತಪ್ಪಿಸಿದ ಹುಡುಗ ಇಂದು ಹಾಜರಿದ್ದಂತೆ! ಪಟ್ಟಿ ಇದ್ದಾಗಲೇ ಗಡಿಯಾರ ಎಚ್ಚರಿಸಿದ ಸಂದರ್ಭಗಳಲ್ಲಿ ಶೇ. 84ರಷ್ಟು ಹೊಂದಿಕೆಯಾಯಿತು. ಅಂದರೆ ಎಚ್ಚರಿಕೆಯನ್ನು ತಾತ್ಸಾರ ಮಾಡಬಾರದು, ತೀರ್ಪೆಂದೂ ತಿಳಿಯಬಾರದು. ಪಟ್ಟಿ ಸಡಿಲವಾದರೆ, ಕೈ ಅಲುಗಿದರೆ ಲೆಕ್ಕ ತಪ್ಪುತ್ತದೆಂಬುದೂ ನೆನಪಿರಲಿ.

ನನ್ನ ಅಭಿಪ್ರಾಯ ಇಷ್ಟೇ: ಹೊರಡಿಸುವ ವಿಷಯದಲ್ಲಿ ಗಡಿಯಾರವನ್ನು ನಂಬಿ, ಮನೆಯಲ್ಲಿ ಕೂರಿಸುವ ವಿಷಯದಲ್ಲಿ ನಂಬಬೇಡಿ. ಎದೆ ನೋಯುವಾಗ ಗಡಿಯಾರದ ಸಮಾಧಾನಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲ.

ನಮ್ಮ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ಅರ್ಥವಿದೆ. ದೊಡ್ಡ ಆಸ್ಪತ್ರೆಯೆಂದರೆ ಕೊಪ್ಪದವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ, ಶೃಂಗೇರಿಯವರು ನೂರು ಕಿಲೋಮೀಟರು ದಾಟಿ ಮಂಗಳೂರಿಗೆ, ಎನ್.ಆರ್.ಪುರದವರು ಶಿವಮೊಗ್ಗಕ್ಕೆ ಹೋಗಬೇಕು. ಆದ್ದರಿಂದ ನಮಗೆ ಬೇಕಾದ ಭರವಸೆ ಮಣಿಕಟ್ಟಿನಲ್ಲಿಲ್ಲ, ಹತ್ತಿರದ ಆಸ್ಪತ್ರೆಯ ಹನ್ನೆರಡು ಕೋನದ ಯಂತ್ರದಲ್ಲಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಕಾರ್ಯ ಇದನ್ನೇ ಮಾಡಿತು: ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ, ತೆಗೆದ ಇಸಿಜಿಯನ್ನು ವಾಟ್ಸ್ಆಪ್‌ನಲ್ಲಿ ಓದಿ ಹೇಳಲು ತಜ್ಞರು. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ತಂದ ಹೃದಯ ಜ್ಯೋತಿ ಯೋಜನೆಯ ದಾರಿಯೂ ಇದೇ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ಆ ಯಂತ್ರ ಕೆಟ್ಟು ಮೂಲೆಯಲ್ಲಿದೆಯೇ, ಮಳೆಗಾಲದ ರಾತ್ರಿ ಕರೆಂಟು ಹೋದಾಗ ನಡೆಯುತ್ತದೆಯೇ ಎಂದು ವಿಚಾರಿಸುವುದು ನಾಗರಿಕರಾದ ನಮ್ಮೆಲ್ಲರ ಕೆಲಸ.

ದೂರದೂರುಗಳಲ್ಲಿರುವ ನನ್ನ ಮಕ್ಕಳೇ, ತಂದೆತಾಯಿಗೆ ಗಡಿಯಾರ ಖಂಡಿತ ಕಳುಹಿಸಿ. ಜೊತೆಗೆ ಒಂದು ಚೀಟಿಯೂ ಇರಲಿ. ಅದರಲ್ಲಿ 108, ತಾಲ್ಲೂಕು ಆಸ್ಪತ್ರೆಯ ಸಂಖ್ಯೆ, ಜೀಪಿನವನ ಸಂಖ್ಯೆ. ಕೊನೆಗೆ ದಪ್ಪಕ್ಷರದಲ್ಲಿ: "ಎದೆ ನೋವು ಬಂದರೆ ಗಡಿಯಾರ ನೋಡುತ್ತ ಕೂರಬೇಡಿ, ಹೊರಡಿ." ನನ್ನ ತಂಗಿಯ ಮನೆಯ ಗೋಡೆಗೆ ಆ ಚೀಟಿಯನ್ನು ನಾನೇ ಅಂಟಿಸಿ ಬಂದಿದ್ದೇನೆ, ಒಂದು ಮಳೆಗಾಲ ತಡವಾಗಿ.