ಕಾಲೇಜಿಗಿಂತ ಮೊದಲು ಊಟ
ಉಜಿರೆಯಲ್ಲಿ ಪದವಿ ಕಾಲೇಜು ಶುರುವಾದದ್ದು 1966ರಲ್ಲಿ; ಓದುವ ಹುಡುಗರಿಗೆ ಊಟ, ವಸತಿ ಕೊಡುವ ಸಿದ್ಧವನ ಗುರುಕುಲವನ್ನು ಧರ್ಮಸ್ಥಳದ ಧರ್ಮಾಧಿಕಾರಿ ಮಂಜಯ್ಯ ಹೆಗ್ಗಡೆಯವರು ಅದಕ್ಕೂ 26 ವರ್ಷ ಮೊದಲೇ, 1940ರಲ್ಲಿ, ಕಟ್ಟಿದ್ದರು. ಈ ಕ್ರಮವೇ ನನಗೆ ಸರಿ ಕಾಣುತ್ತದೆ. ಬೆಳ್ತಂಗಡಿ, ಬಂಟ್ವಾಳದ ಕಡೆ ಬೀಡಿ ಕಟ್ಟುವ ಅಮ್ಮಂದಿರ ಮಕ್ಕಳಿಗೆಂದೇ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನವಿದೆ. ಅದು ವರ್ಷಕ್ಕೊಮ್ಮೆ ಬರುವ ಹಣ. ಹಸಿವು ದಿನಾ ಮಧ್ಯಾಹ್ನ ಬರುತ್ತದೆ. ಕಾಲೇಜಿಗೆ ಅನುದಾನ ಸಿಕ್ಕರೆ ಹೊಸ ಕಟ್ಟಡದ ಮಾತಿಗೆ ಮುಂಚೆ ಬಸ್ ಪಾಸಿಗೆ, ಬಿಸಿ ಗಂಜಿ-ಚಟ್ನಿಗೆ ಪಾಲು ತೆಗೆದಿಡಲಿ. ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ 2023ರ ಶಕ್ತಿ ಯೋಜನೆ ಸರಕಾರಿ ಬಸ್ಸಿಗಷ್ಟೇ. ಮೂಡುಬಿದಿರೆಯ ದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಹುಡುಗಿಯರು ಬೆವರಿದ ಅಂಗೈಯಲ್ಲಿ ಚಿಲ್ಲರೆ ಹಿಡಿದು ಕಂಡಕ್ಟರಿಗೆ ಕಾಯುತ್ತ ನಿಂತಿರುತ್ತಾರೆ, ಇನ್ನೊಂದು ಕೈಯಲ್ಲಿ ಹಗುರವಾದ ಬುತ್ತಿ.